ವಸ್ತಾದನ ಪ್ರಶ್ನೆ

ಕಲಿತದ್ದನ್ನು ಮರೆಯುವುದು ಒಂದು ನಷ್ಟ. ಬಲ್ಲವನೊಬ್ಬನು ತಾನಾಗಿ ಕಲಿಸಲು ಬಂದಾಗ ಕಲಿಯದೆ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ. ಮೊದಲನೆಯದಕ್ಕೆ ವಯಸ್ಸನ್ನು ದೂರಬಹುದು. ಎರಡನೆಯದಕ್ಕೆ ತನ್ನನ್ನು ಹೊರತು ಬೇರೊಬ್ಬರನ್ನು ದೂರಲು ಬಾರದು. ಮೂವತ್ತಾರು ವರ್ಷ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ಈಗ ಮನೆಯಲ್ಲಿ ಕುಳಿತಿರುವ ನನಗೆ, ಈ ಎರಡನೆಯ ನಷ್ಟದ ಲೆಕ್ಕವು ಈಚೆಗೆ ಒಂದು ದಿನ ಅಕಸ್ಮಾತ್ತಾಗಿ ಎದುರಿಗೆ ಬಂದು ನಿಂತಿತು. ವಾಚಕರ ಮನೆಗಳಲ್ಲಿಯೂ ಇಂಥ ಲೆಕ್ಕಗಳು ಬಾಕಿ ಉಳಿದಿರಬಹುದೆಂಬ ಎಣಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕಳೆದ ಚೈತ್ರಮಾಸದಲ್ಲಿ ಕಲಬುರ್ಗಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆನು. ಹತ್ತು ವರ್ಷದ ಮೊಮ್ಮಗಳು ಕೊರಿಯಾ ದೇಶದ 'ಟೇಕ್ವಾಂಡೋ' ಎಂಬ ವಿದ್ಯೆಯನ್ನು ಕಲಿಯಹತ್ತಿದ್ದಳು. ಬಿಳಿಯ ಉಡುಪು ತೊಟ್ಟು, ನಡುವಿಗೆ ಹಳದಿಯ ಪಟ್ಟಿ ಬಿಗಿದು, ಅಂಗಳದಲ್ಲಿ ನಿಂತು ಮೊದಲು ನನಗೆ ಬಾಗಿ ವಂದಿಸಿದಳು. ಆಮೇಲೆ 'ಹನಾ, ದುಲ್, ಸೆತ್' ಎಂದು ಆ ದೇಶದ ಭಾಷೆಯಲ್ಲಿಯೇ ಒಂದು, ಎರಡು, ಮೂರು ಎಣಿಸುತ್ತ, ಅಡಿಯಿಟ್ಟು ತಿರುಗಿ, ಗಾಳಿಯನ್ನು ಗುದ್ದಿ, ಒದ್ದು, ಹೊರಟ ಸ್ಥಳಕ್ಕೇ ಬಂದು ನಿಂತಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ನನಗೆ ಬಹಳ ಸಂತೋಷವಾಯಿತು.

"ಮುತ್ಯಾ, ಇದು ಎರಡು ಸಾವಿರ ವರ್ಷದ ಹಳೀ ವಿದ್ಯಾ ಅಂತ ನಮ್ಮ ಸರ್ ಹೇಳ್ಯಾರ. ನಮ್ಮ ಕಡಿ ಇಂಥಾದ್ದು ಇತ್ತೇನು?" ಎಂದು ಕೇಳಿದಳು.

"ಇತ್ತವ್ವಾ, ಬೇಕಾದಷ್ಟು ಇತ್ತು" ಎಂದೆನು.

"ಹಂಗಾದ್ರ ನೀ ಕಲ್ತಿಯೇನು?"

ನಾನು ಉತ್ತರ ಕೊಡಲಿಲ್ಲ. ಮಗುವು ಆಟದಲ್ಲಿ ಮರೆತುಬಿಟ್ಟಿತು, ನಾನು ಮರೆಯಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು, ಬೇರೆ ಮಾತುಗಳಲ್ಲಿ, ಮೂವತ್ತು ವರ್ಷಗಳ ಹಿಂದೆ ಇನ್ನೊಬ್ಬರು ನನಗೆ ಕೇಳಿದ್ದರು. ಅಂದು ಸಹ ನನ್ನಲ್ಲಿ ಉತ್ತರವಿದ್ದಿಲ್ಲ.

ಆ ಕಥೆಯನ್ನು ಮೊದಲಿನಿಂದ ಹೇಳುವುದು ಉಚಿತ. ನನ್ನ ಜನ್ಮಸ್ಥಳವು ಆಳಂದ ತಾಲೂಕಿನ ಒಂದು ಹಳ್ಳಿ, ಅಮರ್ಜಾ ನದಿಗೆ ಸಮೀಪದ್ದು. ನನ್ನ ಬಾಲ್ಯದಲ್ಲಿ ನಮ್ಮೂರ ಹನುಮಪ್ಪನ ಗುಡಿಯ ಮಗ್ಗುಲಿಗೆ ಗರಡಿಮನೆ ಇದ್ದಿತು. ತಗ್ಗಾದ ಬಾಗಿಲು, ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿಟ್ಟ ಜೋಡಿಗಳು, ಮೂಲೆಯಲ್ಲಿ ಎತ್ತುವ ಗುಂಡುಕಲ್ಲು. ಬೆಳಗಿನ ಝಾವದಲ್ಲಿ ಹುಡುಗರು ಅಲ್ಲಿ ಸಾಮು ತೆಗೆಯುವ ಸದ್ದು ನಮ್ಮ ಮನೆಯ ಪಡಸಾಲೆಗೆ ಕೇಳಿಸುತ್ತಿತ್ತು. ಜಾತ್ರೆಯಲ್ಲಿ ಕುಸ್ತಿ ಗೆದ್ದವನಿಗೆ ಬೆಳ್ಳಿಯ ಕಡಗ ತೊಡಿಸಿ ಹಲಗೆಯ ಮೇಳದೊಡನೆ ಊರ ತುಂಬ ಮೆರೆಸುತ್ತಿದ್ದರು. ಮೊಹರಮ್ ಬಂದಿತೆಂದರೆ, ಅಲಾಯಿ ಕುಣಿಯ ಸುತ್ತಲೂ ಎಲ್ಲ ಜಾತಿಯ ಹುಡುಗರೂ ಹೆಜ್ಜೆ ಹಾಕುತ್ತಿದ್ದರು. ಮೆರವಣಿಗೆಯ ಮುಂದೆ ದೊಣ್ಣೆ ತಿರುವುವವರೂ ಪಟ್ಟಾ ಆಡುವವರೂ ನಡೆಯುತ್ತಿದ್ದರು. ಮದುವೆಯ ಮನೆಗಳಲ್ಲಿ ವೀರಭದ್ರನ ಗುಗ್ಗಳ ಹೊರಟರೆ, ಪುರವಂತರು ಎದೆಗೆ ವೀರಭದ್ರನ ಹಲಗೆ ಕಟ್ಟಿ, ಕಾಲಿಗೆ ಗೆಜ್ಜೆ ಬಿಗಿದು, ಬಿಚ್ಚುಗತ್ತಿ ಹಿಡಿದು ಒಡಪು ಹೇಳುತ್ತಿದ್ದರು. ಸಂಬಾಳದ ಗತಿ ಏರಿದಂತೆ ಅವರ ಕತ್ತಿಯೂ ಏರುತ್ತಿತ್ತು. ಆ ಹೊತ್ತಿಗೆ ಮಕ್ಕಳಾದ ನಾವು ತಾಯಂದಿರ ಸೆರಗಿನ ಹಿಂದೆ ಅಡಗಿ, ಹೆದರಿಕೆಯಿಂದಲೂ ಆಶೆಯಿಂದಲೂ ನೋಡುತ್ತಿದ್ದೆವು.

ಆದರೆ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಓದುವ ಮಕ್ಕಳು ಗರಡಿಯ ಮೆಟ್ಟಿಲು ತುಳಿಯಕೂಡದೆಂದು ತಂದೆಯವರ ಅಪ್ಪಣೆ. ಒಮ್ಮೆ ನಾನು ಕದ್ದು ಹೋಗಿ ಮೈಗೆ ಕೆಮ್ಮಣ್ಣು ಹಚ್ಚಿಕೊಂಡು ಬಂದುದಕ್ಕೆ, ಭಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ತಣ್ಣೀರು ಸುರಿದು, ಅಮರಕೋಶದ ಒಂದು ವರ್ಗವನ್ನು ಪೂರ್ತಿ ಒಪ್ಪಿಸುವ ತನಕ ಊಟಕ್ಕೆ ಕರೆಯಲಿಲ್ಲ. ನನಗೆ ಆ ವರ್ಗವು ಇಂದಿಗೂ ಬಾಯಿಪಾಠವಿದೆ. ಕ್ಷತ್ರಿಯವರ್ಗ! ಕತ್ತಿಗೆ ಇರುವ ಸಂಸ್ಕೃತ ಹೆಸರುಗಳನ್ನೆಲ್ಲ ಆ ದಿನವೇ ಕಲಿತೆನು. ಕತ್ತಿಯನ್ನು ಹಿಡಿಯುವುದನ್ನು ಮಾತ್ರ ಕಲಿಯಲಿಲ್ಲ.

ಮುಂದೆ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕ್ರಮವಾಗಿ ಓದಿದೆನು. ಅಗ್ನಿಪುರಾಣದಲ್ಲಿ ಧನುರ್ವೇದವನ್ನು ಕುರಿತ ಅಧ್ಯಾಯಗಳಿವೆಯೆಂಬುದು ಆಗ ತಿಳಿಯಿತು. ಖಡ್ಗವನ್ನೂ ಗುರಾಣಿಯನ್ನೂ ಹಿಡಿದವನ ಚಲನೆಗಳನ್ನು ಅಲ್ಲಿ 32 ಎಂದು ಎಣಿಸಿ ಹೆಸರಿಟ್ಟಿದ್ದಾರೆ. ಭ್ರಾಂತ, ಉದ್ಭ್ರಾಂತ, ಆವಿದ್ಧ, ಆಪ್ಲುತ, ವಿಪ್ಲುತ, ಶ್ಯೇನಪಾತ, ಹೀಗೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದ, ಅಂಕವಿನೋದ, ಮಲ್ಲವಿನೋದಗಳೆಂಬ ಪ್ರಕರಣಗಳಿವೆ. ಆ ಕಲ್ಯಾಣವು ನಮ್ಮ ಆಳಂದಕ್ಕೆ ದೂರದ ಊರಲ್ಲ. ಕತ್ತಿ ಹಿಡಿದು ಒಂಟಿಕಾಳಗ ಮಾಡುವ ಅಂಕಕಾರರೂ, ಆಹಾರ ವ್ಯಾಯಾಮಗಳ ನಿಯಮದಲ್ಲಿ ಬೆಳೆದ ಮಲ್ಲರೂ ಎಂಟುನೂರು ತೊಂಬತ್ತು ವರ್ಷಗಳ ಹಿಂದೆ ನಮ್ಮ ನೆಲದಲ್ಲಿಯೇ ರಾಜನ ಎದುರಿಗೆ ಪಂತ ಕಟ್ಟುತ್ತಿದ್ದರೆಂದು ಓದಿ ನನಗೆ ರೋಮಾಂಚವಾಯಿತು. ನಮ್ಮ ಸೀಮೆಯ ವೀರಗಲ್ಲುಗಳನ್ನು ಹುಡುಕಿ ನೋಡಹತ್ತಿದೆನು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ. ಕೆಳಗಿನ ಅಂಕಣದಲ್ಲಿ ವೀರನ ಎಡಗಾಲು ಮುಂದೆ ಬಾಗಿದ್ದಿತು, ಬಲಗೈಯ ಕತ್ತಿ ತಲೆಯ ಮೇಲೆ ಎತ್ತಿದ್ದಿತು. 'ಉದ್ಭ್ರಾಂತ'ವೆಂದು ನನ್ನಷ್ಟಕ್ಕೆ ನಾನೇ ಹೆಸರಿಟ್ಟು ಹಿಗ್ಗಿದೆನು. ಗರಡಿಯೊಳಗೆ ಕಾಲಿಡದವನಿಗೆ ಕಲ್ಲಿನ ಭಟನೇ ಸಾಕಾಗಿದ್ದನು.

1994ರಲ್ಲಿ ನಾನು ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆನು. ಶಾಲೆಯ ವಾರ್ಷಿಕೋತ್ಸವದಲ್ಲಿ ಭಾಷಣ ಮಾಡುವ ಸರದಿ ನನ್ನ ಪಾಲಿಗೆ ಬಂದಿತು. ಜಗತ್ತಿನ ಯುದ್ಧವಿದ್ಯೆಗಳೆಲ್ಲವೂ ನಮ್ಮ ಧನುರ್ವೇದದಿಂದಲೇ ಹುಟ್ಟಿದುವು. ಬೋಧಿಧರ್ಮನೆಂಬ ಸಂನ್ಯಾಸಿಯು ನಮ್ಮ ದೇಶದಿಂದ ಚೀನಕ್ಕೆ ಅವನ್ನು ಒಯ್ದನು. ಅಲ್ಲಿಂದ ಅವು ಕೊರಿಯಾ ಜಪಾನುಗಳಿಗೆ ಹೋದುವು. ಕರಾಟೆ ಮೊದಲಾದುವನ್ನು ಪರದೇಶದ ವಿದ್ಯೆಗಳೆಂದು ಬೆರಗಾಗುವವರು ತಮ್ಮ ಮನೆಯ ನಿಧಿಯನ್ನೇ ಅರಿಯದವರು. ಇದು ನನ್ನ ಭಾಷಣದ ಸಾರಾಂಶ. ಮಧ್ಯೆ ಮಧ್ಯೆ ಶ್ಲೋಕಗಳು. ಸಭೆಯು ಚಪ್ಪಾಳೆ ತಟ್ಟಿತು.

ಸಭೆ ಮುಗಿದ ಮೇಲೆ ಒಬ್ಬ ಮುದುಕರು ನನ್ನ ಹತ್ತಿರ ಬಂದು ಸಲಾಮು ಮಾಡಿ ನಿಂತರು. ಆ ಊರಲ್ಲಿ ಅವರನ್ನು ಎಲ್ಲರೂ 'ವಸ್ತಾದ' ಎನ್ನುತ್ತಿದ್ದರು. ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ಊರ ಹೊರಗಿನ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ, ದೊಣ್ಣೆ, ಪಟ್ಟಾ ಕಲಿಸುತ್ತಿದ್ದರು. ಪಟ್ಟಾ ಎಂಬುದು ನೀಳವಾದ ನೆಟ್ಟಗಿನ ಕತ್ತಿ. ಅದರ ಹಿಡಿಕೆಯು ಮುಂಗೈಯ ತನಕ ಕಬ್ಬಿಣದ ಕವಚವಾಗಿರುವುದರಿಂದ ಮಣಿಕಟ್ಟು ಬಾಗುವಂತಿಲ್ಲ. ತೋಳನ್ನೂ ನಡುವನ್ನೂ ಕಾಲನ್ನೂ ಕೂಡಿಯೇ ತಿರುಗಿಸಬೇಕು. ಅವರು ನೆಲದ ಮೇಲಿಟ್ಟ ಲಿಂಬೆಹಣ್ಣನ್ನು ಪಟ್ಟಾದಿಂದ ಎರಡು ಹೋಳು ಮಾಡುವುದನ್ನು ನಾನು ಮೊಹರಮ್ಮಿನಲ್ಲಿ ನೋಡಿದ್ದೆನು.

"ಮಾಸ್ತರ್ರೇ, ಎಲ್ಲಾ ನಮ್ಮ ಕಡಿಂದೇ ಹೋಗ್ಯಾದ ಅಂದ್ರಿ. ಖರೆ ಇರ್ಬಹುದು. ಹೋದದ್ದು ಹೋಯ್ತು, ಉಳಿದದ್ದು ಎಲ್ಲದ?" ಎಂದರು.

ನಾನು ನಕ್ಕು, "ಗ್ರಂಥದೊಳಗ ಅದ ನೋಡ್ರಿ" ಎಂದೆನು.

ಅವರು ಸಿಟ್ಟಾಗಲಿಲ್ಲ. "ನನ್ನ ಹತ್ರ ಗ್ರಂಥ ಇಲ್ರಿ, ವರಸಿ ಅವ. ಮೂವತ್ತು ಮ್ಯಾಲ ಅವ. ನನಗ ಬರೀಲಿಕ್ಕೆ ಬರಂಗಿಲ್ಲ. ನೀವು ಸಂಜೀ ಮುಂದ ಒಂದು ತಾಸು ಬಂದು ಕೂತ್ರ, ನಾ ಮಾಡಿ ತೋರಸ್ತೀನಿ, ನೀವು ಬರ್ಕೊಳ್ರಿ. ಹುಡುಗರು ಈಗ ಬರ್ಲಕತ್ತಿಲ್ಲ" ಎಂದರು.

'ಆಗಲಿ, ಬರುತ್ತೇನೆ' ಎಂದೆನು. ವಾಚಕರೇ, ಆ 'ಬರುತ್ತೇನೆ' ಎಂಬ ಶಬ್ದಕ್ಕೆ ವರ್ತಮಾನಕಾಲವೆಂದು ವ್ಯಾಕರಣದಲ್ಲಿ ಹೆಸರು. ನನ್ನ ಬಾಳಿನಲ್ಲಿ ಅದು ಎಂದೂ ವರ್ತಮಾನವಾಗಲಿಲ್ಲ. ಮೊದಲು ಪರೀಕ್ಷೆಗಳೆಂದು ಬಿಟ್ಟೆನು. ಆಮೇಲೆ ಬೇಸಿಗೆಯ ರಜೆಯೆಂದು. ಆಮೇಲೆ ಚುನಾವಣೆಯ ಕೆಲಸ. ಇವೆಲ್ಲ ನೆವಗಳು. ನಿಜವಾದ ಕಾರಣವು ಬೇರೆಯಿತ್ತು. ಅಗ್ನಿಪುರಾಣವನ್ನು ಓದಿದವನು ಕಲಾಯಿಗಾರನ ಎದುರಿಗೆ ಕುಳಿತು ಟಿಪ್ಪಣಿ ಬರೆದುಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪಿರಲಿಲ್ಲ. ಇದನ್ನು ಆಗ ನಾನು ನನಗೇ ಹೇಳಿಕೊಂಡಿರಲಿಲ್ಲ. ಮೂರು ವರ್ಷಗಳಾದ ಮೇಲೆ ನನಗೆ ಅಫಜಲಪುರ ತಾಲೂಕಿಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ವಸ್ತಾದರು ಬಂದು, ನಮ್ಮ ಹಿತ್ತಾಳೆಯ ಕೊಡಕ್ಕೆ ಹೊಸ ಕಲಾಯಿ ಹಾಕಿಕೊಟ್ಟು, ಹಣ ತೆಗೆದುಕೊಳ್ಳದೆ ಹೋದರು. ವರಸೆಯ ಮಾತನ್ನು ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದಿತು.

ಇನ್ನು ಮೊಮ್ಮಗಳ ಮಾತಿಗೆ ಬರೋಣ. ಆಕೆಯ ವಿದ್ಯೆಯು ಎರಡು ಸಾವಿರ ವರ್ಷದ್ದೆಂಬ ಮಾತನ್ನು ಕೇಳಿದೊಡನೆ ನನ್ನ ಹಳೆಯ ಭಾಷಣವೇ ಕಿವಿಗೆ ಬಿದ್ದಂತಾಯಿತು. ನಿವೃತ್ತನಿಗೆ ಹೊತ್ತಿಗೇನು ಕೊರತೆ? ಮಗಳು ತರಿಸಿಕೊಟ್ಟ ಪುಸ್ತಕಗಳನ್ನು ಇಟ್ಟುಕೊಂಡು ಕೊರಿಯಾದ ವಿದ್ಯೆಗಳ ಚರಿತ್ರೆಯನ್ನು ನಿಧಾನವಾಗಿ ಓದಿದೆನು.

ಟೇಕ್ವಾಂಡೋ ಎಂಬ ಹೆಸರು ಹುಟ್ಟಿದ್ದು 1955ರಲ್ಲಿ. 1910ರಿಂದ 1945ರ ವರೆಗೆ ಕೊರಿಯಾ ದೇಶವು ಜಪಾನಿನ ಆಳ್ವಿಕೆಯಲ್ಲಿದ್ದಿತು. ಆ ಕಾಲದಲ್ಲಿ ಜಪಾನಿಗೆ ಓದಲು ಹೋಗಿ ಕರಾಟೆ ಕಲಿತುಬಂದ ಕೆಲವರು ಸೋಲ್ ಪಟ್ಟಣದಲ್ಲಿ ಶಾಲೆಗಳನ್ನು ತೆರೆದರು. ಆ ಶಾಲೆಗಳು ಒಂದಾಗಿ, ಒದೆತಗಳಿಗೆ ವಿಶೇಷ ಪ್ರಾಶಸ್ತ್ಯ ಕೊಟ್ಟು, ಬೇರೆಯೇ ರೂಪ ತಾಳಿ, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕದ ಕ್ರೀಡೆಯಾಗುವಷ್ಟು ಬೆಳೆದುವು. ಅಲ್ಲಿಯ ಕತ್ತಿಯ ಆಟವಾದ 'ಗೊಮ್ದೋ' ಎಂಬುದೂ ಜಪಾನಿನ ಕೆಂದೋ ವಿದ್ಯೆಯ ವಂಶದ್ದೇ. ಸ್ವತಂತ್ರವಾದ ಜನಾಂಗಕ್ಕೆ, ತನ್ನನ್ನು ಆಳಿದವರಿಂದ ಕಲಿತೆವೆಂದು ಹೇಳಿಕೊಳ್ಳುವುದು ಕಷ್ಟ. ಆದುದರಿಂದ ಪ್ರಾಚೀನ ಸಿಲ್ಲಾ ರಾಜ್ಯದ 'ಹ್ವಾರಾಂಗ್' ಎಂಬ ತರುಣ ವೀರರಿಂದ ಇದು ಬಂದಿತೆಂಬ ಮಾತು ಬೆಳೆಯಿತು. ನಾನು ಅವರನ್ನು ನಗುವ ಹಾಗಿಲ್ಲ. ಬೋಧಿಧರ್ಮನು ಶಾವೊಲಿನ್ ಮಠದಲ್ಲಿ ಕಾಳಗದ ವಿದ್ಯೆಯನ್ನು ಕಲಿಸಿದನೆಂಬ ಮಾತಿನ ಮೂಲವನ್ನು ಹುಡುಕುತ್ತ ಹೋದರೆ, ಅದು 17ನೆಯ ಶತಮಾನದ ಒಂದು ಚೀನೀ ವ್ಯಾಯಾಮಗ್ರಂಥದ ಪೀಠಿಕೆಗೆ ಮುಟ್ಟುತ್ತದೆ. ಆ ಪೀಠಿಕೆಯು ಕೃತ್ರಿಮವೆಂದು ಚೀನದ ಚರಿತ್ರಕಾರರೇ ತೋರಿಸಿಕೊಟ್ಟಿದ್ದಾರೆ. ಜೇವರ್ಗಿಯ ಹಳ್ಳಿಯ ಮಕ್ಕಳ ಮುಂದೆ ನಾನು ಶ್ಲೋಕ ಸಹಿತವಾಗಿ ಸಾರಿದ್ದು ಆ ಕೃತ್ರಿಮವನ್ನೇ.

ಹಾಗಾದರೆ ಕೊರಿಯಾಕ್ಕೆ ತನ್ನದೆಂಬ ಖಡ್ಗವಿದ್ಯೆ ಇದ್ದಿಲ್ಲವೋ? ಇದ್ದಿತು. ಅದರ ಚರಿತ್ರೆಯೇ ನನ್ನನ್ನು ಮಣಿಸಿದ್ದು.

1592ರಲ್ಲಿ ಜಪಾನಿನ ಸೈನ್ಯವು ಕೊರಿಯಾದ ಮೇಲೆ ದಂಡೆತ್ತಿ ಬಂದಿತು. ಕೊರಿಯಾದ ಭಟರು ಬಿಲ್ಲಿನಲ್ಲಿ ನಿಪುಣರು. ಕತ್ತಿ ಈಟಿಗಳ ಅಭ್ಯಾಸವು ಅವರಲ್ಲಿ ಸಡಿಲಾಗಿಹೋಗಿತ್ತು. ಸಮೀಪದ ಕಾಳಗದಲ್ಲಿ ಜಪಾನೀ ಕತ್ತಿಯ ಮುಂದೆ ಅವರು ನಿಲ್ಲಲಾರದೆ ಹೋದರು. ನೆರವಿಗೆ ಬಂದ ಚೀನದ ಸೈನ್ಯದಿಂದ ಕಲಿತು, 1598ರಲ್ಲಿ ಆರು ಆಯುಧವಿದ್ಯೆಗಳ ಒಂದು ಪುಸ್ತಕವನ್ನು ಬರೆಯಿಸಿದರು. 1759ರಲ್ಲಿ ಯುವರಾಜ ಸಾದೋ ಎಂಬವನು ಅದಕ್ಕೆ ಹನ್ನೆರಡನ್ನು ಕೂಡಿಸಿ ಹದಿನೆಂಟು ಮಾಡಿಸಿದನು. ಆ ಯುವರಾಜನ ಅಂತ್ಯವು ದಾರುಣವಾದದ್ದು. 1762ರಲ್ಲಿ ತಂದೆಯಾದ ಅರಸನೇ ಅವನನ್ನು ಅಕ್ಕಿ ತುಂಬುವ ಮರದ ಪೆಟ್ಟಿಗೆಯಲ್ಲಿ ಮುಚ್ಚಿಸಿ ಕೊಲ್ಲಿಸಿದನು. ಸಾದೋನ ಮಗನು ಆಗ ಹತ್ತು ವರ್ಷದ ಬಾಲಕ. ಅವನೇ ಮುಂದೆ ಜೊಂಗ್ಜೊ ಎಂಬ ಹೆಸರಿನ ಅರಸನಾಗಿ, ತಂದೆಯ ಹದಿನೆಂಟಕ್ಕೆ ಕುದುರೆಯ ಮೇಲಿನ ಆರು ವಿದ್ಯೆಗಳನ್ನು ಸೇರಿಸಿ, 1790ರಲ್ಲಿ 'ಮುಯೆ ದೊಬೊ ತೊಂಗ್ಜಿ' ಎಂಬ ಇಪ್ಪತ್ತನಾಲ್ಕು ವಿದ್ಯೆಗಳ ಸಚಿತ್ರ ಗ್ರಂಥವನ್ನು ಪೂರ್ಣಗೊಳಿಸಿದನು. ಪಿತೃಋಣವನ್ನು ಹೀಗೆಯೂ ತೀರಿಸಬಹುದಷ್ಟೆ!

ಆ ಗ್ರಂಥವನ್ನು ರಚಿಸಿದವರು ಮೂವರು. ಯಿ ದೊಕ್ಮು, ಪಾಕ್ ಜೆಗಾ ಎಂಬ ಇಬ್ಬರು ಅರಮನೆಯ ಪುಸ್ತಕಭಂಡಾರದ ಪಂಡಿತರು. ಪೆಕ್ ದೊಂಗ್ಸು ಎಂಬವನು ಸೈನಿಕ, ಕತ್ತಿಯಲ್ಲಿ ನುರಿತವನು. ಪಂಡಿತರು ಹಳೆಯ ಗ್ರಂಥಗಳನ್ನು ಶೋಧಿಸಿ ಬರೆದರು. ಸೈನಿಕನು ವರಸೆಗಳನ್ನು ಪರೀಕ್ಷಿಸಿ ತಿದ್ದಿದನು. ಇನ್ನೊಂದು ಗುಣವನ್ನೂ ಹೇಳಬೇಕು. ಯಾವ ವಿದ್ಯೆಯು ಚೀನದಿಂದ ಬಂದಿತು, ಯಾವುದು ತಮ್ಮದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ತಮ್ಮನ್ನು ಸೋಲಿಸಿದ ಜಪಾನಿನ ಕತ್ತಿಯ ವರಸೆಗಳನ್ನು ಸಹ ಅದೇ ಹೆಸರಿನಿಂದ ಅಚ್ಚುಕಟ್ಟಾಗಿ ಬರೆದಿಟ್ಟರು. ತಮ್ಮದೇ ಎಂದು ಅವರು ಹೇಳುವ ಖಡ್ಗವಿದ್ಯೆಗೆ 'ಬೊನ್ಗುಕ್ ಗೊಮ್', ಎಂದರೆ ಸ್ವದೇಶದ ಖಡ್ಗ, ಎಂದು ಹೆಸರು. ಅದರ ವರಸೆಗಳು ಹೀಗಿವೆ: ಬಂಗಾರದ ಹುಂಜವು ಒಂಟಿ ಕಾಲಲ್ಲಿ ನಿಂತದ್ದು, ಉಗ್ರವ್ಯಾಘ್ರವು ಕಾಡಿನಲ್ಲಿ ಅಡಗಿದ್ದು, ಬಿಳಿಯ ಕಪಿಯು ಗವಿಯಿಂದ ಹೊರಬಿದ್ದದ್ದು. ಇದನ್ನು ಓದಿದಾಗ ನನಗೆ ನಮ್ಮ 'ಶ್ಯೇನಪಾತ'ವು ನೆನಪಾಗದೆ ಇರಲಿಲ್ಲ.

ಆ ಸ್ವದೇಶದ ಖಡ್ಗದ ಮೂಲವನ್ನು ಗ್ರಂಥಕಾರರು ಸಿಲ್ಲಾ ರಾಜ್ಯದ ಹ್ವಾಂಗ್ಚಾಂಗ್ ಎಂಬ ಬಾಲಕನ ಕಥೆಗೆ ಜೋಡಿಸುತ್ತಾರೆ. ಅವನು ಶತ್ರುರಾಜ್ಯವಾದ ಪೆಕ್ಜೆಗೆ ಹೋಗಿ ಬೀದಿಯಲ್ಲಿ ಕತ್ತಿಯ ಕುಣಿತ ಕುಣಿದನಂತೆ. ನೋಡುವವರು ಗೋಡೆಯಾಗಿ ನೆರೆದರು. ಸುದ್ದಿಯು ಮುಟ್ಟಿ ಅರಸನು ಅರಮನೆಗೆ ಕರೆಯಿಸಿದಾಗ, ಬಾಲಕನು ಕುಣಿಯುತ್ತ ಕುಣಿಯುತ್ತ ಅರಸನನ್ನು ಇರಿದನು; ಅಲ್ಲಿಯವರು ಅವನನ್ನು ಕೊಂದರು. ಸಿಲ್ಲಾದ ಜನರು ಅವನ ಮೋರೆಯ ಹೋಲಿಕೆಯ ಮುಖವಾಡ ಮಾಡಿ ತೊಟ್ಟು, ಆ ಕುಣಿತವನ್ನು ವಂಶಾನುವಂಶವಾಗಿ ಕುಣಿದರೆಂದು ಐತಿಹ್ಯ. ಇದು ನಡೆದದ್ದೋ ಕಟ್ಟಿದ್ದೋ ಎಂದು ಆ ದೇಶದ ಪಂಡಿತರು ಹಿಂದೆಯೇ ಸಂಶಯಪಟ್ಟಿದ್ದಾರೆ. 660ರ ಕಾಳಗದಲ್ಲಿ ಮಡಿದ ಗ್ವಾನ್ಚಾಂಗ್ ಎಂಬ ಹದಿನಾರು ವರ್ಷದ ತರುಣನ ಕಥೆಯೇ ಹೀಗೆ ಮಾರ್ಪಟ್ಟಿತೆಂದು ಕೆಲವರ ಮತ. ಅದು ಹೇಗಾದರೂ ಇರಲಿ. ಕುಣಿತದಲ್ಲಿ ಕತ್ತಿಯ ನಡೆ ಉಳಿಯಬಲ್ಲದು ಎಂಬ ಮಾತು ನನ್ನ ಕಣ್ಣಿಗೆ ನಮ್ಮ ಗುಗ್ಗಳದ ಪುರವಂತರನ್ನು ತಂದು ನಿಲ್ಲಿಸಿತು.

ಇನ್ನೊಂದು ಸಂಗತಿ. 1621ರಲ್ಲಿ ಚೀನದ ಮಾವೊ ಯುವಾನ್ಯಿ ಎಂಬವನು ದೊಡ್ಡದೊಂದು ಯುದ್ಧಶಾಸ್ತ್ರವನ್ನು ಬರೆದನು. ಅದರಲ್ಲಿ ಇಬ್ಬಾಯಿ ಖಡ್ಗದ ಒಂದು ಪದ್ಧತಿಯನ್ನು ಕೊಟ್ಟು, ಚೀನದಲ್ಲಿ ಕಳೆದುಹೋದ ಇದು ಕೊರಿಯಾದಲ್ಲಿ ದೊರಕಿತೆಂದು ಹೇಳಿದ್ದಾನೆ. ಕಳೆದುಕೊಂಡವನು ನೆರೆಯವನ ಮನೆಯಲ್ಲಿ ಹುಡುಕುವುದಕ್ಕೆ ನಾಚಲಿಲ್ಲ. ನನಗಾದರೋ ನೆರೆಯವನೇ ಮನೆಯ ಬಾಗಿಲಿಗೆ ಬಂದು ಕೊಡುತ್ತೇನೆಂದಿದ್ದನು.

ಈ ವಿಚಾರವು ಮನಸ್ಸಿನಲ್ಲಿ ಕೊರೆಯಹತ್ತಿದ ಮೇಲೆ, ಒಂದು ದಿನ ಬೆಳಿಗ್ಗೆ ಕಲಬುರ್ಗಿಯಿಂದ ಬಸ್ಸು ಹಿಡಿದೆನು. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟುವಾಗ, ನಡುಪಾತ್ರದಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ವಸ್ತಾದರ ಮಗನು ಜೇವರ್ಗಿಯಲ್ಲಿ ನೀರೆತ್ತುವ ಪಂಪುಗಳನ್ನು ದುರಸ್ತಿ ಮಾಡುತ್ತಾನೆ. ಈಗ ಅವನಿಗೂ ಐವತ್ತು ದಾಟಿದೆ. ನನ್ನ ಶಾಲೆಯಲ್ಲಿಯೇ ಓದಿದವನಲ್ಲದಿದ್ದರೂ ಗುರುತು ಹಿಡಿದು ಕುರ್ಚಿ ಒರೆಸಿ ಕುಳ್ಳಿರಿಸಿದನು. ನಾನು ಬಂದ ಕಾರಣವನ್ನು ಹೇಳಿದಾಗ ಕೆಲವು ಹೊತ್ತು ಸುಮ್ಮನಿದ್ದನು.

"ಅಬ್ಬಾ ನಿಮ್ಮ ಹಾದಿ ಭಾಳ ದಿನ ನೋಡಿದ್ರು ರೀ ಸರ್. ಮಾಸ್ತರು ಬರ್ತೀನಿ ಅಂದಾರ ಅಂತ ಒಂದು ನೋಟುಬುಕ್ಕೂ ತಂದಿಟ್ಟಿದ್ರು" ಎಂದನು.

ಅವನು ನಿಂದಿಸುವ ಧ್ವನಿಯಿಂದ ಹೇಳಲಿಲ್ಲ; ನಡೆದ ಸಂಗತಿಯನ್ನು ಹೇಳಿದನು, ಅಷ್ಟೆ. ಅದು ನನಗೆ ಬೈಗಳಿಗಿಂತ ಹೆಚ್ಚಾಗಿ ನಾಟಿತು. ಅಮರಕೋಶವನ್ನು ಒಪ್ಪಿಸದ ಹುಡುಗನಂತೆ ತಲೆ ತಗ್ಗಿಸಿ ಕುಳಿತೆನು.

ಅವನಿಗೆ ಈಗ ನೆನಪಿರುವ ವರಸೆಗಳು ಹನ್ನೊಂದು. ಪಟ್ಟಾವು ತುಕ್ಕು ಹಿಡಿದಿದೆ. ಅಂಗಡಿಯ ಹಿಂದಿನ ಬಯಲಿನಲ್ಲಿ ಬಿದಿರಿನ ದೊಣ್ಣೆ ಹಿಡಿದು ಮಾಡಿ ತೋರಿಸಿದನು. ಮಂಡಿಯ ನೋವು ಅವನನ್ನು ನಡುನಡುವೆ ನಿಲ್ಲಿಸುತ್ತಿತ್ತು. ಮೂರನೆಯ ಸಲ ಹೋದಾಗ ಮೊಮ್ಮಗಳನ್ನೂ ಕರೆದುಕೊಂಡು ಹೋದೆನು. ಅಡಿಯ ಎಣಿಕೆಯಲ್ಲಿ ನಾನು ತಪ್ಪಿದ ಕಡೆಗಳನ್ನು ಅವಳೇ ತಿದ್ದಿದಳು. ಅವಳು ವರಸೆಯನ್ನು ಒಮ್ಮೆ ನೋಡಿ ಕಾಲಿನಲ್ಲಿ ಹಿಡಿಯುತ್ತಾಳೆ. ನಾನು ಹತ್ತು ಸಲ ನೋಡಿ ಕಾಗದದಲ್ಲಿ ಹಿಡಿಯುತ್ತೇನೆ. ಕೊರಿಯಾದ ಅಭ್ಯಾಸದಿಂದ ಅವಳ ಮೈ ಹದವಾಗಿದ್ದುದು ಈ ಕೆಲಸಕ್ಕೆ ಒದಗಿತು. ಆದುದರಿಂದ ಪರದೇಶದ ವಿದ್ಯೆಯೆಂದು ಅದನ್ನು ಬಿಡಿಸುವ ವಿಚಾರವು ನನಗೆ ಬರಲೇ ಇಲ್ಲ.

ಹನ್ನೊಂದರಲ್ಲಿ ಒಂದಕ್ಕೆ ವಸ್ತಾದರು 'ಹದ್ದಿನ ಏಟು' ಎನ್ನುತ್ತಿದ್ದರಂತೆ. ಎರಡು ಹೆಜ್ಜೆ ಹಿಂದೆ ಸರಿದು, ಹಾರಿ, ಮೇಲಿನಿಂದ ಓರೆಯಾಗಿ ಎರಗುವುದು. ಕೇಳಿದೊಡನೆ 'ಶ್ಯೇನಪಾತ!' ಎಂದು ಕೂಗಬೇಕೆನಿಸಿತು. ಲೇಖಣಿಯು ಕಾಗದಕ್ಕೆ ಮುಟ್ಟಿಯೇ ಬಿಟ್ಟಿತ್ತು, ತಡೆದೆನು. ಹದ್ದು ಎರಗುವುದನ್ನು ಅಗ್ನಿಪುರಾಣದ ಋಷಿಯೂ ನೋಡಿದ್ದನು, ಭೀಮೆಯ ದಂಡೆಯ ಕಲಾಯಿಗಾರನೂ ನೋಡಿದ್ದನು. ಹೆಸರು ಹೋಲಿದ ಮಾತ್ರಕ್ಕೆ ವಂಶವು ಸಿದ್ಧವಾಗಲಾರದು. ನಮ್ಮ ಗರಡಿಯ ಶಬ್ದಗಳನ್ನೇ ನೋಡಿರಿ. ಮಲ್ಲ ಎಂಬುದು ಸಂಸ್ಕೃತ; ತಾಲೀಮು ಅರಬ್ಬಿಯದು, ಕಲಿಸುವುದೆಂದು ಅರ್ಥ; ಕುಸ್ತಿ, ಪೈಲವಾನ, ವಸ್ತಾದ ಎಂಬುವು ಫಾರಸಿಯಿಂದ ಬಂದವು. 1347ರಲ್ಲಿ ಕಲಬುರ್ಗಿಯು ಬಹಮನಿಯರ ರಾಜಧಾನಿಯಾದಂದಿನಿಂದ ಈ ಸೀಮೆಯ ಮಣ್ಣಿನಲ್ಲಿ ಎಷ್ಟು ಕೈಗಳು ಎಷ್ಟು ಕೈಗಳಿಂದ ಕಲಿತವೋ ಬೇರ್ಪಡಿಸಿ ಹೇಳಲಾಗದು. 'ಹದ್ದಿನ ಏಟು, ಜೇವರ್ಗಿ ಸೀಮೆ, ವಸ್ತಾದರ ಮಗನಿಂದ ಕಂಡದ್ದು' ಎಂದಷ್ಟೇ ಬರೆದೆನು.

ಈಗ ಅಫಜಲಪುರ ತಾಲೂಕಿನ ಒಬ್ಬ ವೃದ್ಧ ಪುರವಂತರ ಬಳಿಗೂ ಹೋಗಿ ಬರುತ್ತಿದ್ದೇನೆ. ಅವರು ಹೇಳಿದ ಒಂದು ಮಾತು ಮನಸ್ಸಿನಲ್ಲಿ ನಿಂತಿದೆ: "ಒಡಪು ಹುಡುಗರಿಗಿ ಲಗೂ ಬರ್ತಾವ ರೀ ಮಾಸ್ತರ್ರೇ. ಕಾಲು ಬರಂಗಿಲ್ಲ." ಬಾಯಿಯ ವಿದ್ಯೆಯನ್ನು ಬರೆದಿಡಬಹುದು, ಹಾಡಿಡಬಹುದು. ಕಾಲಿನ ವಿದ್ಯೆಯು ಇನ್ನೊಂದು ಕಾಲಿಗೆ ದಾಟಿದರೇ ಉಂಟು. ನನ್ನ ವಹಿಯು ಆ ಕೊರತೆಯನ್ನು ತುಂಬಲಾರದೆಂದು ಬಲ್ಲೆನು. ಇಪ್ಪತ್ತು ವರಸೆಗಳು ವಸ್ತಾದರೊಡನೆಯೇ ಮಣ್ಣಾಗಿವೆ. ಅವನ್ನು ಯಾವ ಪುರಾಣದಿಂದಲೂ ನಾನು ತೆಗೆದುಕೊಡಲಾರೆನು.

ವಸ್ತಾದರು ತಂದಿಟ್ಟ ನೋಟುಬುಕ್ಕು ಅವರ ಮನೆಯಲ್ಲಿ ಸಿಕ್ಕಿತು. ಅದರ ಕೆಲವು ಹಾಳೆಗಳಲ್ಲಿ ಮಕ್ಕಳು ಮಗ್ಗಿ ಬರೆದಿದ್ದರು, ಉಳಿದವು ಬರಿದಾಗಿದ್ದುವು. ನಾನು ಅದನ್ನೇ ಕೇಳಿಕೊಂಡು ತಂದು, ಆ ಬರಿಯ ಹಾಳೆಗಳಲ್ಲಿಯೇ ಹನ್ನೊಂದು ವರಸೆಗಳನ್ನು ಶುದ್ಧವಾಗಿ ಬರೆದಿದ್ದೇನೆ. ಹೆಜ್ಜೆಯ ಗುರುತುಗಳನ್ನು ಮೊಮ್ಮಗಳು ಬರೆದುಕೊಟ್ಟಳು.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಓಣಿಯಲ್ಲಿ ದೊಣ್ಣೆ ತಿರುವಬಲ್ಲ ಮುದುಕನಿರಬಹುದು. ಎಲುಬು ಕೂಡಿಸಬಲ್ಲವನು, ಬೀಸುವ ಪದ ಬಲ್ಲ ಅಜ್ಜಿ ಇರಬಹುದು. ಅವರ ವಿದ್ಯೆಯು ಎಲ್ಲಿಂದ ಬಂದಿತೆಂಬ ವಾದವನ್ನು ಆಮೇಲೆ ಮಾಡಬಹುದು. 'ಬರುತ್ತೇನೆ' ಎಂದು ಯಾರಿಗಾದರೂ ಹೇಳಿದ್ದರೆ, ಈ ಸಂಜೆಯೇ ಹೋಗಿ ಬನ್ನಿರಿ.